ಮಡಚಿದ ಬೆರಳು ಬಿಡಿಸಲು ಬಾರದಿದ್ದರೆ

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಸಕ್ಕರೆ ಕಾಯಿಲೆ ಇದೆ. ದಿನವೂ ಮಲ್ಲಿಗೆ ಕಟ್ಟುತ್ತೇನೆ. ಬೆಳಿಗ್ಗೆ ಏಳುವಾಗ ಬಲಗೈಯ ಉಂಗುರ ಬೆರಳು ಮಡಚಿಕೊಂಡಿರುತ್ತದೆ, ಎಡಗೈಯಲ್ಲಿ ಎಳೆದರೆ 'ಟಕ್' ಎಂದು ಬಿಡುತ್ತದೆ. ಎರಡು ಇಂಜೆಕ್ಷನ್ ಆಯಿತು, ಈಗ ಆಪರೇಷನ್ ಅನ್ನುತ್ತಾರೆ. ಯಾರ ಹತ್ತಿರ ಮಾಡಿಸಲಿ? ಎಷ್ಟು ದಿನ ಕೆಲಸ ಬಿಡಬೇಕು?
– ಓದುಗರು, ಶಂಕರಪುರ

ಉತ್ತರ: ಇದು ಟ್ರಿಗರ್ ಫಿಂಗರ್. ಬೆರಳು ಮಡಚುವ ಸ್ನಾಯುರಜ್ಜು ಬೆರಳಿನ ಬುಡದಲ್ಲಿ 'ಎ1 ಪುಲ್ಲಿ' ಎಂಬ ಬಿಗಿ ಪಟ್ಟಿಯೊಳಗಿಂದ ಹಾದುಹೋಗುತ್ತದೆ. ಪಟ್ಟಿ ದಪ್ಪವಾಗಿ ರಜ್ಜು ಊದಿಕೊಂಡರೆ, ಸೂಜಿಯ ಕಣ್ಣಿನಲ್ಲಿ ದಾರದ ಗಂಟು ಸಿಕ್ಕಿದ ಹಾಗೆ ಅಲ್ಲೇ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಸ್ಟೀರಾಯ್ಡ್ ಇಂಜೆಕ್ಷನ್ ಅವರಿಗೆ ಹಿಡಿಯುವುದೂ ಕಡಿಮೆ, ಮೇಲಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಎರಡರಲ್ಲಿ ಗುಣವಾಗದಿದ್ದ ಮೇಲೆ ಮೂರನೆಯದಕ್ಕೆ ಕಾಯಬೇಡಿ. ಬೆರಳು ತಿಂಗಳುಗಟ್ಟಲೆ ಮಡಚಿಯೇ ಇದ್ದರೆ ನಡುಗೆಣ್ಣು ಗಟ್ಟಿಯಾಗುತ್ತದೆ, ಆಪರೇಷನ್‌ನಲ್ಲಿ ಪಟ್ಟಿ ಕತ್ತರಿಸಿ ಬಿಡಿಸಿದರೂ ಪೂರ್ತಿ ನೇರವಾಗುವುದಿಲ್ಲ.

ಮೂಳೆ ತಜ್ಞರು, ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಇದನ್ನು ಮಾಡುತ್ತಾರೆ. ಕೈಯ ಕೆಲಸವನ್ನೇ ಹೆಚ್ಚು ಮಾಡುವವರು ಸಿಕ್ಕರೆ ಉತ್ತಮ. ನಿಮಗೆ ಹತ್ತಿರದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಖರ್ಚು ಕಷ್ಟವಾದರೆ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ವಿಚಾರಿಸಿ. ಹೋದಾಗ ಸಂಕೋಚ ಬಿಟ್ಟು ಕೇಳಿ: ಈ ಆಪರೇಷನ್ ನೀವು ಎಷ್ಟು ಸಲ ಮಾಡುತ್ತೀರಿ? ಕೈ ಮಾತ್ರ ಮರಗಟ್ಟಿಸುತ್ತೀರಾ? ಟೇಬಲ್ ಮೇಲೆಯೇ ಬೆರಳು ಮಡಚಿಸಿ ನೋಡುತ್ತೀರಾ? ಕೊನೆಯ ಪ್ರಶ್ನೆ ಮುಖ್ಯ. ನೀವು ಎಚ್ಚರವಿದ್ದು ಬೆರಳು ಆಡಿಸಿದರೆ ಪಟ್ಟಿ ಪೂರ್ತಿ ಬಿಟ್ಟಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅರ್ಧ ಉಳಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯ (HbA1c) ರಿಪೋರ್ಟ್ ಜೊತೆಗಿರಲಿ. ಅದು ಶೇ. 8ಕ್ಕಿಂತ ಮೇಲಿದ್ದರೆ ಮೊದಲು ಇಳಿಸಿಕೊಳ್ಳಿ, ಗಾಯ ಕೀವಾಗುವ ಭಯ ಕಡಿಮೆಯಾಗುತ್ತದೆ.

ಅಂಗೈಯಲ್ಲಿ ಒಂದು, ಒಂದೂವರೆ ಸೆಂಟಿಮೀಟರ್ ಗಾಯ, 15–20 ನಿಮಿಷದ ಕೆಲಸ, ಸಂಜೆಗೆ ಮನೆ. ಅಂದಿನಿಂದಲೇ ಬೆರಳನ್ನು ಪೂರ್ತಿ ಮಡಚಿ ಪೂರ್ತಿ ಬಿಡಿಸಿ, ಗಂಟೆಗೊಮ್ಮೆ ಹತ್ತು ಸಲ. ನೋವೆಂದು ಬ್ಯಾಂಡೇಜಿನೊಳಗೆ ಸುಮ್ಮನಿಟ್ಟ ಬೆರಳೇ ಆಮೇಲೆ ಬಗ್ಗದೆ ಕಾಡುವುದು. ಮೊದಲ ಎರಡು ದಿನ ಕೈಯನ್ನು ಎದೆಗಿಂತ ಮೇಲಿಡಿ. ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಅಲ್ಲಿವರೆಗೆ ಪಾತ್ರೆ, ಮೀನು, ನೀರಿನ ಕೆಲಸ ಬೇಡ. ಹೊಲಿಗೆ ತೆಗೆದ ಮೇಲೆ ಗಾಯ ಪೂರ್ತಿ ಒಣಗಿದ್ದರೆ ಕಲೆಯ ಮೇಲೆ ತೆಂಗಿನೆಣ್ಣೆ ಹಚ್ಚಿ ದಿನಕ್ಕೆರಡು ಸಲ ಒತ್ತಿ ತಿಕ್ಕಿ. ಹೂ ಕಟ್ಟುವುದನ್ನು ಆಗ ಶುರುಮಾಡಬಹುದು, ಮೊದಲ ವಾರ ಅರ್ಧ ಚೆಂಡು ಹೂವಿಗೆ ನಿಲ್ಲಿಸಿ. ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು ತಿಂಗಳಾದ ಮೇಲೆ. ಕಲೆ ಮುಟ್ಟಿದರೆ ನೋಯುವುದು ಎರಡು ಮೂರು ತಿಂಗಳು ಇರಬಹುದು, ಗಾಬರಿ ಬೇಡ. ಆದರೆ ಬೆರಳ ತುದಿಯ ಜೋಮು ಮರುದಿನವೂ ಇಳಿಯದಿದ್ದರೆ, ಅಂಗೈ ಕೆಂಪಾಗಿ ಊದಿದರೆ, ಕೀವು ಅಥವಾ ಜ್ವರ ಕಂಡರೆ ಹೊಲಿಗೆಯ ದಿನದವರೆಗೆ ಕಾಯದೆ ಅದೇ ದಿನ ತೋರಿಸಿ.