ಲೋ ಕಾರ್ಬ್ (ಅನ್ನ, ರೊಟ್ಟಿ, ಸಕ್ರಿ ಕಡಿಮಿ ಮಾಡೋ ಊಟ) ಜೊತಿ ಉಪವಾಸ ಮಾಡೂವಾಗ ಶುಂಠಿ ಕ್ಯಾಪ್ಸೂಲ್ ತಗೋಬಹುದೇನ್ರಿ?

ತಗೋಬಹುದ್ರಿ, ಆದ್ರ ಶುಂಠಿಯಿಂದನ ತೂಕ ಇಳೀತೈತಿ ಅಂತ ನಂಬ್ಕೊಂಡು ಕುಂದರಬ್ಯಾಡ್ರಿ, ಅದು ಚಲೋ ಕೆಲಸ ಮಾಡೂದು ವಾಕರಿಕೆಗೆ, ಶುಗರ್ ಮ್ಯಾಲೆ ಪರಿಣಾಮ ಆದ್ರೂ ಸಣ್ಣದು. ದಿನಕ್ಕ 1-2 ಗ್ರಾಂ ಒಣಪುಡಿ ಸಾಕು, ಖಾಲಿ ಹೊಟ್ಟ್ಯಾಗ ಕೆಲವರಿಗೆ ಎದಿ ಉರೀತೈತಿ, ಅದಕ್ಕ ಊಟದ ಜೊತಿ ತಗೋರಿ.

ಇನ್ನ ನಮ್ಮ ವಿಜಯಪುರ ಕಡೆ ಏಕಾದಶಿಗೆ ಸಾಬೂದಾಣಿ, ಬಾಳೆಹಣ್ಣು ತಿಂದು ಉಪವಾಸ ಅಂತಾರಲ್ಲ, ಅದು ಲೋ ಕಾರ್ಬ್ ಅಲ್ಲವೇ ಅಲ್ಲ, ಸಾಬೂದಾಣಿ ಪೂರ್ತಿ ಪಿಷ್ಟ, ತೂಕಕ್ಕ ತೂಕ ನೋಡಿದ್ರ ಜ್ವಾಳದ ಹಿಟ್ಟಿಗಿಂತ ಜಾಸ್ತಿ ಕಾರ್ಬ್ ಐತಿ. ಅದರ ಬದಲಿ ನೀರು, ಉಪ್ಪು ಹಾಕಿದ ತೆಳು ಮಜ್ಜಿಗಿ ಕುಡೀರಿ, ಬಿಪಿ ಇದ್ದವರು ಉಪ್ಪು ನೋಡ್ಕೊಂಡು.

ಖರೇನ ಅಂಜಬೇಕಾದ್ದು ಗುಳಿಗಿ ವಿಷಯಕ್ಕ. ಶುಗರ್ ಇಳಿಸೋ ಗ್ಲಿಮೆಪಿರೈಡ್ ಗುಳಿಗಿ ಅಥವಾ ಇನ್ಸುಲಿನ್ ತಗೊಳ್ಳೋರು ಕಾರ್ಬ್ ಕಡಿಮಿ ಮಾಡಿ ಮ್ಯಾಲೆ ಉಪವಾಸನೂ ಹಿಡಿದ್ರ ಶುಗರ್ ಒಮ್ಮೆಲೆ ಬೀಳಬಹುದು, ಮೂತ್ರದಾಗ ಶುಗರ್ ಹೊರಗ ಹಾಕೋ ಡಾಪಾಗ್ಲಿಫ್ಲೋಜಿನ್ ಥರದ ಗುಳಿಗಿ ಇದ್ರ ಇನ್ನೂ ಹುಷಾರ್, ಮೀಟರ್‌ನ್ಯಾಗ ಶುಗರ್ ನಾರ್ಮಲ್ ತೋರಿಸಿದ್ರೂ ಕೀಟೋಆಸಿಡೋಸಿಸ್ (ರಕ್ತದಾಗ ಆಮ್ಲ ಏರೋ ಅಪಾಯದ ಸ್ಥಿತಿ) ಆಗಬಹುದು, ವಾಂತಿ, ಹೊಟ್ಟಿನೋವು, ಉಸಿರು ಜೋರಾದ್ರ ತಡಾ ಮಾಡದ ದವಾಖಾನಿಗೆ ಹೋಗ್ರಿ. ವಾರ್ಫರಿನ್ ಥರ ರಕ್ತ ತೆಳು ಮಾಡೋ ಗುಳಿಗಿ ನಡದಿದ್ರ ಶುಂಠಿ ಕ್ಯಾಪ್ಸೂಲ್ ಡಾಕ್ಟರಿಗೆ ಕೇಳದ ಶುರು ಮಾಡಬ್ಯಾಡ್ರಿ, ಚಹಾದಾಗ ಹಾಕೋ ಶುಂಠಿಗೆ ಅಷ್ಟು ಚಿಂತಿ ಬ್ಯಾಡ.