ಸೂಜಿಗೆ ಹೋಗಿ, ಮಾತ್ರೆ ಬಿಡಬೇಡಿ

ಪ್ರಶ್ನೆ: ಅಕ್ಕಾ, ನನಗೆ 38 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಾಯಿಲೆ ಹತೋಟಿಯಲ್ಲಿದೆ ಎಂದು ಡಾಕ್ಟರ್ ಹೇಳುತ್ತಾರೆ. ಆದರೂ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಮಾತ್ರೆ ನುಂಗಿದ ಮರುದಿನವಂತೂ ಹೊಟ್ಟೆ ತೊಳಸುತ್ತಲೇ ಇರುತ್ತದೆ. ಗೆಳತಿಯೊಬ್ಬಳು ಚೀನೀ ವೈದ್ಯ ಪದ್ಧತಿಯವರ ಹತ್ತಿರ ಹೋಗು ಎನ್ನುತ್ತಿದ್ದಾಳೆ. ಸೂಜಿ ಚುಚ್ಚುವ ಆಕ್ಯುಪಂಕ್ಚರ್, ಮಸಾಜ್, ಬೇರಿನ ಔಷಧಿ ಎಲ್ಲ ಇರುತ್ತದಂತೆ. ಆರು ತಿಂಗಳಲ್ಲಿ ಮಾತ್ರೆ ಬಿಡಿಸುತ್ತಾರಂತೆ. ಹೋಗಲಾ?

ಉತ್ತರ: ಅಕ್ಕಾ ಅಂದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಹೋಗಿ. ಆದರೆ ಮಾತ್ರೆ ಬಿಡಿಸುತ್ತೇನೆ ಎನ್ನುವವರ ಹತ್ತಿರ ಮಾತ್ರ ಬೇಡ.

ನನಗೂ ಇದೇ ಕಾಯಿಲೆ, ಹದಿನಾರು ವರ್ಷವಾಯಿತು. ಶುರುವಿನಲ್ಲಿ ನಾನು ಹೋದ ಕಡೆ ‘ಈ ಮಾತ್ರೆ ವಿಷ, ಮೊದಲು ಇದನ್ನು ನಿಲ್ಲಿಸಿ’ ಎಂದರು. ನಿಲ್ಲಿಸಿದೆ. ಸೂಜಿಯಿಂದ ನೋವು ಕಡಿಮೆಯಾಗಿತ್ತು, ಗುಣವಾಗುತ್ತಿದೆ ಅಂದುಕೊಂಡೆ. ಐದು ತಿಂಗಳ ಹೊತ್ತಿಗೆ ಬಲಗೈ ಉಂಗುರದ ಬೆರಳು ಓರೆಯಾಯಿತು. ಇವತ್ತಿಗೂ ಅದು ನೆಟ್ಟಗಾಗಿಲ್ಲ. ಸೂಜಿ ತಗ್ಗಿಸುವುದು ನೋವನ್ನು. ಒಳಗೊಳಗೇ ಕೀಲನ್ನು ತಿನ್ನುವ ಉರಿಯೂತವನ್ನು ತಡೆಯುವುದು ಆ ಮಾತ್ರೆ. ಹಾಳಾದ ಕೀಲು ಮತ್ತೆ ಮೊದಲಿನಂತೆ ಆಗುವುದಿಲ್ಲ.

ಮಾತ್ರೆ ಮತ್ತೆ ಶುರು ಮಾಡಿದ ಮೇಲೂ ನಾನು ಸೂಜಿ ಬಿಡಲಿಲ್ಲ. ಅದು ಇಂಜೆಕ್ಷನ್ ಸೂಜಿಯ ಹಾಗಲ್ಲ. ಒಳಗೆ ಟೊಳ್ಳಿಲ್ಲ, ದಪ್ಪ ಸುಮಾರು ಕಾಲು ಮಿಲಿಮೀಟರ್. ಇಳಿಯುವಾಗ ಇರುವೆ ಕಚ್ಚಿದ ಹಾಗೆ ಅಷ್ಟೇ. ಆಮೇಲೆ ಅದನ್ನು ಮೆಲ್ಲಗೆ ತಿರುಗಿಸಿದಾಗ ಆ ಜಾಗದಲ್ಲಿ ಭಾರ, ಒಂಥರಾ ಮಂದ ನೋವು, ಜೋಮು. ಚೀನೀಯರು ಇದಕ್ಕೆ ‘ದ-ಚಿ’ ಎನ್ನುತ್ತಾರೆ. ಇಪ್ಪತ್ತು ನಿಮಿಷ ಹಾಗೇ ಮಲಗಿರಬೇಕು. ನನಗೆ ಅಲ್ಲೇ ನಿದ್ದೆ ಹತ್ತುತ್ತದೆ, ಆ ರಾತ್ರಿಯೂ ಚೆನ್ನಾಗಿ ಬರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಮಾತ್ರ ದೊಡ್ಡ ಮಾತುಗಳನ್ನು ನಂಬಬೇಡಿ. ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಸಿ 2007ರಲ್ಲಿ ಫಲಿತಾಂಶ ಕೊಟ್ಟರು. ಸೂಜಿ ಇಲ್ಲೇ ಹಾಕಬೇಕು ಎಂದು ಚೀನೀ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ 48 ಮಂದಿಗೆ ಗುಣ ಕಂಡಿತು. ಬೇಕೆಂದೇ ಬಿಂದು ತಪ್ಪಿಸಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ 44! ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27 ಅಷ್ಟೇ. ಅಂದರೆ ಆರಾಮ ಸಿಗುವುದು ನಿಜ, ಆದರೆ ಬಿಂದುವಿನಲ್ಲಿ ಅಂಥ ಗುಟ್ಟೇನೂ ಇಲ್ಲ. ಗುಟ್ಟಿನ ಬಿಂದು ತನಗೊಬ್ಬನಿಗೇ ಗೊತ್ತು ಎನ್ನುವವರಿಗೆ ಜಾಸ್ತಿ ದುಡ್ಡು ಕೊಡಬೇಡಿ. ಮೆಥೋಟ್ರೆಕ್ಸೇಟ್‌ನಿಂದ ಸೋಂಕು ತಡೆಯುವ ಶಕ್ತಿ ಕಡಿಮೆಯಾಗಿರುತ್ತದೆ. ಹಾಗಾಗಿ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು.

ಅವರ ಮಸಾಜ್‌ಗೆ ‘ತೂಯಿನಾ’ ಎಂದು ಹೆಸರು. ಬೆನ್ನು, ತೊಡೆ, ಭುಜಕ್ಕೆ ಮಾಡಿಸಿಕೊಳ್ಳಿ, ಹಗುರವಾಗುತ್ತದೆ. ಊದಿಕೊಂಡು ಬಿಸಿಯಾಗಿರುವ ಕೀಲನ್ನು ಒತ್ತಲು ಬಿಡಬೇಡಿ. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಲು ಬಿಡಲೇಬೇಡಿ. ನಮ್ಮ ಕಾಯಿಲೆಯಲ್ಲಿ ತಲೆಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರಬಹುದು. ಅಲ್ಲಿ ಹೆಚ್ಚುಕಡಿಮೆಯಾದರೆ ಬೆನ್ನುಹುರಿಗೇ ಅಪಾಯ. ಇದನ್ನು ಮೊದಲ ದಿನವೇ ಹೇಳಿಬಿಡಿ, ಸಂಕೋಚ ಬೇಡ.

ಬೇರಿನ ಔಷಧಿ ಬೇಡ ಎಂದೇ ನನ್ನ ಸಲಹೆ. ಅದರಲ್ಲಿ ಶಕ್ತಿ ಇಲ್ಲ ಅಂತಲ್ಲ. ಚೀನಾದ ತೂ ಯೂಯೂ ಹಳೆಯ ವೈದ್ಯ ಗ್ರಂಥದ ಜಾಡು ಹಿಡಿದು ಒಂದು ಗಿಡದಿಂದ ಮಲೇರಿಯಾ ಔಷಧಿ ತೆಗೆದರು, 2015ರಲ್ಲಿ ನೊಬೆಲ್ ಬಂತು. ಶಕ್ತಿ ಇದೆ, ಅದಕ್ಕೇ ಭಯ. ಸಂಧಿವಾತಕ್ಕೆ ಅಲ್ಲಿ ‘ಲೇಯ್ ಗೊಂಗ್ ಥೆಂಗ್’ ಎನ್ನುವ ಬಳ್ಳಿಯ ಬೇರು ಕೊಡುತ್ತಾರೆ. ಊತ ಇಳಿಸುತ್ತದೆ, ನಿಜ. ಆದರೆ ಮುಟ್ಟು ನಿಂತುಹೋಗಬಹುದು, ಲಿವರ್‌ಗೂ ಕಿಡ್ನಿಗೂ ಪೆಟ್ಟು. ನಿಮ್ಮ ಮಾತ್ರೆಯಿಂದಲೇ ಲಿವರ್‌ಗೆ ಹೊರೆ ಇದೆ, ಅದಕ್ಕೇ ಅಲ್ವಾ ಆಗಾಗ ರಕ್ತಪರೀಕ್ಷೆ ಮಾಡಿಸುವುದು? ಅದರ ಮೇಲೆ ಇದೊಂದು ಬೇಡ.

ಇನ್ನು ಹೊಟ್ಟೆ ತೊಳಸುವುದು. ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯ ಕೆಳಗೆ, ಮೊಣಕೈ ಕಡೆಗೆ, ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮೂರನೇ ಬೆರಳು ಮುಗಿಯುವಲ್ಲಿ, ಎರಡು ನರದಂತೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ತಗ್ಗು ಸಿಗುತ್ತದೆ. ಅದೇ ‘ನೇಯ್ ಗ್ವಾನ್’. ಆಪರೇಷನ್ ಆದಮೇಲಿನ ವಾಂತಿಗೆ ಇದನ್ನು ಪರೀಕ್ಷಿಸಿ ಉಪಯೋಗ ಕಂಡಿದ್ದಾರೆ. ನಮ್ಮ ಮಾತ್ರೆಯ ತೊಳಸಿಗೆ ಇದು ನನ್ನ ಸ್ವಂತ ಅನುಭವ: ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಬಾಯಲ್ಲಿ ನೀರೂರುವುದು ನಿಲ್ಲುತ್ತದೆ. ಜೊತೆಗೆ ಫೋಲಿಕ್ ಆಮ್ಲ ಎನ್ನುವ ವಿಟಮಿನ್ ಬಗ್ಗೆ, ಮಾತ್ರೆಯ ಬದಲು ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. ಸುಮ್ನೆ ಸಹಿಸಿಕೊಂಡಿರಬೇಡಿ.

ಹೋಗುವ ಎರಡು ವಾರ ಮೊದಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮುಷ್ಟಿ ಕಟ್ಟಲು ಆಯಿತು ಎಂದು ಬರೆಯಿರಿ. ನನ್ನದು 70 ನಿಮಿಷ ಇದ್ದದ್ದು 40ಕ್ಕೆ ಬಂದಿದೆ. ಎಂಟು ಸಲ ಸೂಜಿ ಹಾಕಿಸಿದ ಮೇಲೂ ನಿಮ್ಮ ಅಂಕಿ ಇಳಿಯದಿದ್ದರೆ, ನಿದ್ದೆಯೂ ಸುಧಾರಿಸದಿದ್ದರೆ, ಅಲ್ಲಿಗೇ ಬಿಟ್ಟುಬಿಡಿ. ಆ ನೋಟ್‌ಬುಕ್ಕನ್ನು ನಿಮ್ಮ ಡಾಕ್ಟರಿಗೂ ತೋರಿಸಿ.