ಒಂದೇ ಲ್ಯಾಪ್‌ಟಾಪಿನಲ್ಲಿ ಉಬುಂಟು (ಲಿನಕ್ಸ್) ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ, ಯಾಕೆ?

ಮದರ್‌ಬೋರ್ಡಿನ ಸೆಲ್ ಬದಲಿಸಲು ಹೋಗಬೇಡಿ, ಸುಮ್ನೆ ದುಡ್ಡು ದಂಡ. ಸೆಲ್ ಸತ್ತಿದ್ದರೆ ಪ್ರತಿ ಸಲ ಸರಿಯಾಗಿ ಐದೂವರೆ ಗಂಟೆಯೇ ತಪ್ಪುತ್ತಿರಲಿಲ್ಲ, ಅಲ್ವಾ?

ಲ್ಯಾಪ್‌ಟಾಪಿನ ಒಳಗಡಿಯಾರದಲ್ಲಿ ಉಬುಂಟು ಯುಟಿಸಿ ಸಮಯ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಬರೆದಿಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಗಡಿಯಾರ ಅಷ್ಟೇ ಹಿಂದೆ ಬೀಳುತ್ತದೆ.

ಉಬುಂಟು ಟರ್ಮಿನಲ್‌ನಲ್ಲಿ ‘timedatectl set-local-rtc 1’ ಕಮಾಂಡನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಒಂದು ಸಲ ಸಾಕು, ಆಮೇಲೆ ಉಬುಂಟು ಕೂಡ ಸ್ಥಳೀಯ ಸಮಯವನ್ನೇ ಬರೆದಿಡುತ್ತದೆ. ಮುಂದೆ ಸಮಯದ ವಿವರ ನೋಡಿದಾಗ ಒಂದು ಉದ್ದದ ಎಚ್ಚರಿಕೆ ಕಾಣಿಸುತ್ತದೆ. ಹೆದರಬೇಡಿ. ಅಮೆರಿಕದಂತೆ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವ ಕಡೆ ಹೀಗೆ ಸ್ಥಳೀಯ ಸಮಯ ಬರೆದಿಡುವುದು ಜಾಸ್ತಿ ತಲೆನೋವು. ನಮ್ಮಲ್ಲಿ ಆ ರೂಢಿಯೇ ಇಲ್ಲ. ಮೊದಲಿನಂತೆ ಬೇಕೆಂದರೆ 1ರ ಜಾಗದಲ್ಲಿ 0 ಹಾಕಿ.